ಭಾಷಾಂತರದಲ್ಲಿ ಸಂಬೋಧನೆ

ಒಂದು ನುಡಿಯಲ್ಲಿ ಹುಟ್ಟಿದ ಮಾತನ್ನು ಮತ್ತೊಂದು ನುಡಿಗೆ ಕೊಂಡೊಯ್ಯುವ ಕಾರ್ಯದ ಕಷ್ಟಗಳನ್ನು ವಿವರಿಸುವಾಗ ವಿದ್ವಾಂಸರು ಪಾರಿಭಾಷಿಕ ಶಬ್ದಗಳನ್ನೇ ಮೊದಲು ಎತ್ತಿಕೊಳ್ಳುವುದು ರೂಢಿಯಾಗಿದೆ. ವಚನಗಳ ವಿಷಯದಲ್ಲಂತೂ ಲಿಂಗ, ಜಂಗಮ, ಪ್ರಸಾದ, ಕಾಯಕ, ದಾಸೋಹ, ಐಕ್ಯ ಮುಂತಾದ ಪದಗಳಿಗೆ ಪರಭಾಷೆಗಳಲ್ಲಿ ಸಮಾನ ಪದಗಳಿಲ್ಲವೆಂಬ ಮಾತು ಅನುವಾದಗಳ ಮುನ್ನುಡಿಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಮಾತೇನೋ ನಿಜ. ಆದರೆ ಈ ಶಬ್ದಗಳು ಕಠಿಣವೆಂಬುದು ಎಲ್ಲರಿಗೂ ತಿಳಿದಿರುವುದರಿಂದಲೇ ಅನುವಾದಕನು ಅಲ್ಲಿ ಎಚ್ಚರದಿಂದ ಹೆಜ್ಜೆಯಿಡುತ್ತಾನೆ. ಟಿಪ್ಪಣಿ ಬರೆಯುತ್ತಾನೆ, ಕೊನೆಯಲ್ಲಿ ಶಬ್ದಾರ್ಥಸೂಚಿಯನ್ನು ಸೇರಿಸುತ್ತಾನೆ, ಬೇರೆ ದಾರಿ ತೋರದಿದ್ದರೆ ಮೂಲಪದವನ್ನೇ ಉಳಿಸಿಕೊಳ್ಳುತ್ತಾನೆ. ಹೀಗೆ ಅವು ಹೇಗೋ ಹೊಳೆಯನ್ನು ದಾಟಿಕೊಳ್ಳುತ್ತವೆ. ದಾಟಲಾರದೆ ಈಚೆಯ ದಡದಲ್ಲಿಯೇ ಉಳಿದುಬಿಡುವ ಪದಗಳು ಬೇರೆ. ‘ಅಯ್ಯಾ’, ‘ಎಲೆ’, ‘ಕಾಣಾ’, ‘ನೋಡಾ’, ‘ತಂದೆ’ ಎಂಬ ಕರೆಯುವ ಮಾತುಗಳು, ನೀನು–ನೀವುಗಳ ಭೇದ, ನಾಮಪದದ ಕೊನೆಗೆ ಬಂದು ಕೂರುವ ‘ಏ’ಕಾರ, ಇವುಗಳನ್ನು ಕಷ್ಟವೆಂದು ಯಾರೂ ಎಣಿಸುವುದಿಲ್ಲ, ಆದ್ದರಿಂದ ಅವು ಕಳೆದುಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಪ್ರಕೃತ ಲೇಖನದಲ್ಲಿ ಈ ಸಣ್ಣ ಮಾತುಗಳ ಪರವಾಗಿ ಕೆಲವು ವಿಚಾರಗಳನ್ನು ವಾಚಕರ ಮುಂದಿಡಲು ಬಯಸುತ್ತೇನೆ. ಉದಾಹರಣೆಗಳಲ್ಲಿ ಅನೇಕವನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದ ಆರಿಸಿಕೊಂಡಿದ್ದೇನೆ. ನಾನು ಬಾಳಿದ ನೆಲವೆಂಬ ಅಭಿಮಾನ ಇದಕ್ಕೆ ಒಂದು ಕಾರಣ. ಕನ್ನಡದ ಹಿರಿಯ ಭಾಷಾಂತರಕಾರರಲ್ಲಿ ಹಲವರು ಈ ಸೀಮೆಗೆ ಸೇರಿದವರೆಂಬುದು ಇನ್ನೂ ದೊಡ್ಡ ಕಾರಣ.

ಬಸವಣ್ಣನವರ ಒಂದು ವಚನ ಸಂಬೋಧನೆಯನ್ನೇ ವಸ್ತುವಾಗಿ ಉಳ್ಳದ್ದು. ಒಬ್ಬನನ್ನು ‘ಅಯ್ಯಾ’ ಎಂದು ಕರೆಯುವುದಕ್ಕೂ ‘ಎಲವೋ’ ಎಂದು ಕರೆಯುವುದಕ್ಕೂ ಪರಲೋಕದ ಎರಡು ತುದಿಗಳಷ್ಟು ಅಂತರವಿದೆಯೆಂಬುದು ಅದರ ತಾತ್ಪರ್ಯ. ಈ ಪತ್ರಿಕೆಯ ವಾಚಕರಿಗೆ ಅದು ಕಂಠಸ್ಥವಾಗಿರುವುದರಿಂದ ಇಲ್ಲಿ ಉದ್ಧರಿಸಬೇಕಾದ ಅಗತ್ಯವಿಲ್ಲ. ಷಟ್‌ಸ್ಥಲದ ಗಹನವಾದ ಪರಿಭಾಷೆಯೊಂದೂ ಅದರಲ್ಲಿಲ್ಲ. ಮೇಲುನೋಟಕ್ಕೆ ಅಷ್ಟು ಸರಳವಾದ ವಚನ ಮತ್ತೊಂದಿರಲಾರದು. ಆದರೂ ಅದನ್ನು ಇಂಗ್ಲಿಷಿಗೆ ತರಲು ಕುಳಿತವನು ಮೊದಲ ಪದದಲ್ಲಿಯೇ ಲೇಖನಿಯನ್ನು ಕೆಳಗಿಡಬೇಕಾಗುತ್ತದೆ. ‘ಅಯ್ಯಾ’ ಎಂಬುದು ತಂದೆಗೆ ಸಲ್ಲುವ ಮಾತು; ಒಡೆಯನಿಗೆ, ಗುರುವಿಗೆ, ಜಂಗಮಮೂರ್ತಿಗೆ ಸಲ್ಲುವ ಮಾತು; ದೇವರಿಗೂ ಸಲ್ಲುವ ಮಾತು. ಇಷ್ಟಾಗಿಯೂ ಸಂತೆಯಲ್ಲಿ ಎದುರಾದ ಅಪರಿಚಿತನಿಗೂ ಅದೇ ಮಾತು ಸಲ್ಲುತ್ತದೆ. ಹಿಂದಿನ ಕೂಲಿಮಠಗಳಲ್ಲಿ ಅಕ್ಷರ ಕಲಿಸುತ್ತಿದ್ದವರನ್ನು ‘ಐಗಳು’ ಎನ್ನುತ್ತಿದ್ದುದೂ ಈ ಪದದಿಂದಲೇ. ಇದನ್ನು ಸಂಸ್ಕೃತದ ‘ಆರ್ಯ’ ಶಬ್ದದ ಪ್ರಾಕೃತರೂಪಕ್ಕೆ ಜೋಡಿಸುವವರುಂಟು, ದ್ರಾವಿಡಮೂಲದ್ದೆನ್ನುವವರೂ ಉಂಟು. ಆ ವಿವಾದ ಹಾಗಿರಲಿ. ದೇವರಿಂದ ದಾರಿಹೋಕನವರೆಗೆ ಎಲ್ಲರನ್ನೂ ಒಂದೇ ಪದದಿಂದ ಗೌರವಿಸಬಲ್ಲ ಸೌಕರ್ಯ ಕನ್ನಡದಲ್ಲಿರುವುದರಿಂದಲೇ ಬಸವಣ್ಣನವರು ಆ ವಚನವನ್ನು ನುಡಿಯಲು ಸಾಧ್ಯವಾಯಿತು. ವಚನದ ತತ್ತ್ವ ಭಾಷೆಯ ಆ ಸೌಕರ್ಯದೊಳಗೆ ಆಗಲೇ ಅಡಗಿತ್ತು.

ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ಆಗಾಗ ಒಂದು ವಚನವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದನ್ನು ಇಂಗ್ಲಿಷಿನಲ್ಲಿ ಹೇಳುವಂತೆ ಮೇಲಿನ ತರಗತಿಯ ಮಕ್ಕಳಿಗೆ ತಿಳಿಸುತ್ತಿದ್ದೆ. ಲಿಂಗವೆಂಬ ಶಬ್ದದ ಬಳಿ ಯಾವ ಹುಡುಗನೂ ನಿಲ್ಲುತ್ತಿರಲಿಲ್ಲ. ಹಾಗೆಯೇ ಬರೆದು ಮುಂದೆ ಹೋಗುತ್ತಿದ್ದ. ನಿಲ್ಲುತ್ತಿದ್ದುದು ‘ಅಯ್ಯಾ’ ಬಂದಾಗ. ಒಮ್ಮೆ ಒಬ್ಬ ಹುಡುಗ ಅದಕ್ಕೆ ‘ಸರ್’ ಎಂದು ಬರೆದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆದರೆ ಅವನ ಮಟ್ಟಿಗೆ ಅದು ತಪ್ಪಲ್ಲ. ಶಾಲೆಯೊಳಗೆ ಅವನು ಹಿರಿಯರನ್ನು ಕರೆಯುತ್ತಿದ್ದುದು ಆ ಪದದಿಂದಲೇ. ಹಾಸ್ಯ ಹುಟ್ಟಿದ್ದು ಅದನ್ನು ದೇವರಿಗೆ ಹೇಳಿದಾಗ. ಇಂಗ್ಲಿಷಿನ ಆ ಪದ ಕಚೇರಿಯ ಹೊಸ್ತಿಲನ್ನು ದಾಟಿ ದೇವರಮನೆಯೊಳಕ್ಕೆ ಬರಲಾರದು. ಕನ್ನಡದ ‘ಅಯ್ಯಾ’ ಎರಡೂ ಕಡೆ ಇರಬಲ್ಲದು. ಅನುವಾದದ ತೊಡಕನ್ನು ಆ ನಗೆ ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಯಾವ ಶಾಸ್ತ್ರಗ್ರಂಥವೂ ನನಗೆ ತೋರಿಸಿಕೊಟ್ಟಿಲ್ಲ.

ಭಾಷೆಗಳು ಸಂಧಿಸಿದಾಗ ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದನ್ನು ನೋಡಲು ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಅಲ್ಲಿ ಪಾರಸಿ ರಾಜ್ಯಾಡಳಿತದ ನುಡಿಯಾಗಿತ್ತು. ಜುಮ್ಮಾ ಮಸೀದಿಯ ಗೋಡೆಗಳ ಮೇಲಿನ ಪಾರಸಿ ಬರಹವನ್ನು ಇಂದಿಗೂ ನೋಡಬಹುದು. ಸೇನೆಯಲ್ಲಿ ಫ್ರೆಂಚರಿದ್ದರು. ಅವರು ಬೀಡುಬಿಟ್ಟಿದ್ದ ಹಿರೋಡೆಗೆ ಆಂಗ್ಲರು ಫ್ರೆಂಚ್ ರಾಕ್ಸ್ ಎಂದು ಹೆಸರಿಟ್ಟರು. ಅದೇ ಇಂದಿನ ಪಾಂಡವಪುರ. ೧೭೯೯ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷ್ ಬಂದಿತು. ಆಂಗ್ಲರ ಲೇಖನಿಯಲ್ಲಿ ರಂಗನಾಥನ ಪಟ್ಟಣ ಗುರುತು ಸಿಗದಂತೆ ‘ಸೆರಿಂಗಪಟಂ’ ಆಯಿತು. ಇಷ್ಟೆಲ್ಲ ನುಡಿಗಳ ಸಂಘಟ್ಟನೆಯಲ್ಲಿ ಕನ್ನಡಕ್ಕೆ ದಕ್ಕಿದ್ದೇನು? ತಾಲ್ಲೂಕು, ಜಮೀನು, ರೈತ, ಅರ್ಜಿ, ದಾಖಲೆ, ವಕೀಲ, ಅಮಲ್ದಾರ ಮುಂತಾದ ಅರಬ್ಬೀ ಪಾರಸಿ ಮೂಲದ ಪದಗಳು ಕೆಲವು ಈ ಆಡಳಿತಗಳ ಮೂಲಕ, ಕೆಲವು ಅದಕ್ಕೂ ಹಿಂದೆ ಬೇರೆ ದಾರಿಗಳಿಂದ ಬಂದು ನೆಲೆನಿಂತವು. ಅವುಗಳನ್ನು ಪರಕೀಯವೆಂದು ಇಂದು ಯಾರೂ ಭಾವಿಸುವುದಿಲ್ಲ. ನಾಮಪದಗಳು ಹೀಗೆ ಬಂಡಿಯ ಮೇಲೆ ಬಂದಿಳಿಯುವ ಸರಕಿನಂತೆ ಬರುತ್ತವೆ, ಹೋಗುತ್ತವೆ. ಆದರೆ ಒಬ್ಬನು ಮತ್ತೊಬ್ಬನನ್ನು ಕರೆಯುವ ರೀತಿ, ಕ್ರಿಯಾಪದದ ಕೊನೆಯಲ್ಲಿ ಗೌರವವನ್ನೋ ಸಲುಗೆಯನ್ನೋ ಸೂಚಿಸುವ ಪ್ರತ್ಯಯ, ಇವು ಒಂದಿಷ್ಟೂ ಅಲುಗಲಿಲ್ಲ. ‘ಸಾಹೇಬ’ ಎಂಬ ಒಂದು ಸಂಬೋಧನೆ ಬಂದದ್ದು ನಿಜ. ಬಂದೊಡನೆ ಅದೂ ಕನ್ನಡದ ‘ರು’ ಪ್ರತ್ಯಯವನ್ನು ತೊಟ್ಟು ‘ಸಾಹೇಬರು’ ಆಗಿ, ನಮ್ಮ ಮನೆಯ ಮರ್ಯಾದೆಗೆ ಒಗ್ಗಿಕೊಂಡಿತು.

ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಯದು ಮತ್ತೊಂದು ಬಗೆಯ ನಿದರ್ಶನ. ಶ್ರೀರಾಮಾನುಜಾಚಾರ್ಯರ ಕಾಲದಿಂದ ಅಲ್ಲಿ ತಮಿಳು ದಿವ್ಯಪ್ರಬಂಧದ ಪಾರಾಯಣದ ಪರಂಪರೆಯಿದೆ. ಮನೆಯಲ್ಲಿ ಕನ್ನಡ ಬೆರೆತ ತಮಿಳು, ಬೀದಿಯಲ್ಲಿ ಕನ್ನಡ, ಪಾಠಶಾಲೆಯಲ್ಲಿ ಸಂಸ್ಕೃತ. ದೇವರ ಮುಂದಿನ ತಮಿಳೂ ಮನೆಯ ತಮಿಳೂ ಒಂದೇ ಅಲ್ಲ. ೧೯೦೫ರಲ್ಲಿ ಅಲ್ಲಿ ಜನಿಸಿದ ಪು.ತಿ. ನರಸಿಂಹಾಚಾರ್ಯರು ಇಂಥ ವಾತಾವರಣದಲ್ಲಿ ಬೆಳೆದು ‘ಗೋಕುಲ ನಿರ್ಗಮನ’ವನ್ನು ಕನ್ನಡದಲ್ಲಿ ಬರೆದರು. ಹೀಗೆ ಹಲವು ನುಡಿಗಳಲ್ಲಿ ಬಾಳುವವನು ದಿನವಿಡೀ ಭಾಷಾಂತರ ಮಾಡುತ್ತಾ ಕೂರುವುದಿಲ್ಲ. ಎದುರಿಗಿರುವವರು ಯಾರೆಂಬುದನ್ನು ನೋಡಿದೊಡನೆ ತಕ್ಕ ನುಡಿ ತಾನಾಗಿ ನಾಲಿಗೆಗೆ ಬರುತ್ತದೆ. ಮಾತಿನ ಮೊದಲ ತೀರ್ಮಾನ ಯಾರಿಗೆ ಎಂಬುದು. ಏನು ಎಂಬುದು ಆಮೇಲಿನದು. ಬರವಣಿಗೆಯಲ್ಲಿ ಎದುರಿಗೆ ಯಾರೂ ಇಲ್ಲದಿರುವುದರಿಂದ ಈ ಸತ್ಯ ಮರೆಯಾಗುತ್ತದೆ.

ಕನ್ನಡದೊಳಗೇ ಈ ಭೇದ ಸಾಕಷ್ಟಿದೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಇಬ್ಬರು ರೈತರು ನಿಂತು ಮಾತನಾಡುವುದನ್ನು ಕೇಳಿದರೆ ವಾಕ್ಯಕ್ಕೊಂದು ‘ಕಣಯ್ಯಾ’, ‘ಕಣಪ್ಪಾ’, ‘ಕಣ್ಲಾ’ ಬರುತ್ತದೆ. ಧಾರವಾಡದ ಕಡೆಯಿಂದ ಬಂದವರಿಗೆ ನಮ್ಮವರ ಏಕವಚನ ಒರಟೆನಿಸುವುದುಂಟು. ಅವರ ‘ರೀ’ಕಾರ ನಮ್ಮವರಿಗೆ ಉಪಚಾರವೆನಿಸುವುದೂ ಉಂಟು. ವಚನಗಳ ‘ಕಾಣಾ’ ಎಂಬುದೂ ನಮ್ಮ ಹಳ್ಳಿಗರ ‘ಕಣಾ’ ಎಂಬುದೂ ಒಂದೇ ಬೇರಿನವೆಂದು ತೋರುತ್ತದೆ. ‘ನೋಡು’, ‘ಅರಿತುಕೋ’ ಎಂಬ ಅರ್ಥ ಅದರಲ್ಲಿ ಈಗ ಉಳಿದಿಲ್ಲ. ಕೇಳುವವನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಭಾವವಷ್ಟೇ ಉಳಿದಿದೆ. ಇದನ್ನು ನಿಘಂಟನ್ನು ನೋಡಿ ‘ನೋಡು’ ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಹೆಗಲ ಮೇಲಿದ್ದ ಕೈ ಬೆರಳು ಚಾಚಿ ಆಜ್ಞಾಪಿಸುವ ಕೈಯಾಗುತ್ತದೆ.

ನಾಟಕದ ಭಾಷಾಂತರದಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ಎಲ್ಲವೂ ಒಬ್ಬರು ಮತ್ತೊಬ್ಬರಿಗೆ ಆಡಿದ ಮಾತೇ. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ ಅವರ ಆಸ್ಥಾನದಲ್ಲಿ ಸಂಸ್ಕೃತ ಮತ್ತು ತಮಿಳು ಮೂಲಗಳಿಂದ ಕನ್ನಡಕ್ಕೆ ತರುವ ಕಾರ್ಯ ಭರದಿಂದ ನಡೆಯಿತು. ಚಿಕ್ಕುಪಾಧ್ಯಾಯನ ಗ್ರಂಥರಾಶಿ ಒಂದೆಡೆಯಾದರೆ, ಸಿಂಗರಾರ್ಯನು ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ರಚಿಸಿದ ‘ಮಿತ್ರವಿಂದಾ ಗೋವಿಂದ’ ಮತ್ತೊಂದೆಡೆ. ಉಪಲಬ್ಧವಿರುವ ಮೊದಲ ಕನ್ನಡ ನಾಟಕವೆಂದು ಅದಕ್ಕೆ ಖ್ಯಾತಿಯಿದೆ. ಸಂಸ್ಕೃತ ನಾಟಕದಲ್ಲಿ ರಾಜನು ಸಂಸ್ಕೃತವನ್ನೂ ರಾಣಿ, ಸಖಿಯರು, ವಿದೂಷಕ ಇವರು ಪ್ರಾಕೃತವನ್ನೂ ಆಡುತ್ತಾರೆ. ಪಾತ್ರದ ಅಂತಸ್ತನ್ನು ಭಾಷೆಯೇ ಸಾರುತ್ತದೆ. ಕನ್ನಡಕ್ಕೆ ಬಂದೊಡನೆ ಎಲ್ಲರೂ ಒಂದೇ ನುಡಿಯನ್ನಾಡಬೇಕು. ಆಗ ಅಂತರವನ್ನು ತೋರಿಸಲು ಉಳಿಯುವ ಮುಖ್ಯ ಸಾಧನವೆಂದರೆ ಸಂಬೋಧನೆಯ ಪದಗಳು ಮತ್ತು ಕ್ರಿಯಾಪದದ ರೂಪಗಳು. ಸಂಸ್ಕೃತಕ್ಕೂ ಕನ್ನಡಕ್ಕೂ ಇರುವ ಅಂತರವನ್ನು ಅಳೆಯಲು ಸಮಾಸಗಳನ್ನು ಎಣಿಸುವ ವಿದ್ಯಾರ್ಥಿಗಳು ಈ ಕಡೆಗೂ ಒಮ್ಮೆ ಕಣ್ಣುಹಾಯಿಸಬೇಕು.

ಅದೇ ಸಾಧನವನ್ನು ನಮ್ಮ ಕಾಲದಲ್ಲಿ ಜಾಣ್ಮೆಯಿಂದ ದುಡಿಸಿಕೊಂಡವರು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು (೧೯೦೦–೨೦೦೩). ಫ್ರೆಂಚ್ ನಾಟಕಕಾರ ಮೊಲಿಯೇರನ ‘ತಾರ್ತೂಫ್’ ೧೬೬೪ರಲ್ಲಿ ಮೊದಲು ರಂಗಕ್ಕೆ ಬಂದದ್ದು. ಮೂರ್ತಿರಾಯರು ಅದನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ತಂದರು. ಶೀರ್ಷಿಕೆಯೊಂದೇ ಅವರ ಕೌಶಲವನ್ನು ಹೇಳುತ್ತದೆ. ಫ್ರೆಂಚಿನಲ್ಲಿ ತಾರ್ತೂಫ್ ಎಂಬುದು ಒಬ್ಬ ಕಪಟಿಯ ಹೆಸರಾಗಿದ್ದು ಕ್ರಮೇಣ ಕಪಟಿಗಳಿಗೆಲ್ಲ ಅನ್ವಯಿಸುವ ಪದವಾಯಿತು. ನಮ್ಮಲ್ಲಿ ಆಷಾಢಭೂತಿಯೂ ಪಂಚತಂತ್ರದಲ್ಲಿ ಸಂನ್ಯಾಸಿಗೆ ಶಿಷ್ಯನಾಗಿ ಬಂದು ಅವನ ಗಂಟನ್ನು ಅಪಹರಿಸಿದವನ ಹೆಸರು. ಅದೂ ಕಾಲಕ್ರಮದಲ್ಲಿ ಡಾಂಭಿಕತನಕ್ಕೇ ಹೆಸರಾಗಿ ನಿಂತಿದೆ. ಒಂದು ಅಂಕಿತನಾಮಕ್ಕೆ ಸಮಾನಾರ್ಥಕ ಪದವನ್ನು ಹುಡುಕುವ ಬದಲು, ಅದೇ ಬಗೆಯ ಬಾಳನ್ನು ಬಾಳಿದ ಮತ್ತೊಂದು ಅಂಕಿತನಾಮವನ್ನು ಅವರು ಹುಡುಕಿದರು. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಫ್ರೆಂಚಿನಲ್ಲಿ ನಮ್ಮಂತೆಯೇ ‘ನೀನು’ ಬೇರೆ, ‘ನೀವು’ ಬೇರೆ. ಇಂದಿನ ಇಂಗ್ಲಿಷಿನಲ್ಲಿ ಎರಡೂ ಒಂದೇ. ಮೊಲಿಯೇರನನ್ನು ಇಂಗ್ಲಿಷಿನ ಮೂಲಕ ಓದಿ ಕನ್ನಡಕ್ಕೆ ತರುವವನು, ನಡುದಾರಿಯಲ್ಲಿ ಬಿದ್ದುಹೋದ ಈ ಭೇದವನ್ನು ತನ್ನ ವಿವೇಚನೆಯಿಂದಲೇ ಮತ್ತೆ ಸ್ಥಾಪಿಸಬೇಕು. ಯಜಮಾನನು ಕಪಟ ಗುರುವನ್ನು ಬಹುವಚನದಲ್ಲಿಯೂ ಮನೆಯ ದಾಸಿಯನ್ನು ಏಕವಚನದಲ್ಲಿಯೂ ಮಾತನಾಡಿಸಿದ ಕ್ಷಣದಲ್ಲಿ, ಗೌರವ ಎಲ್ಲಿ ಅಪಾತ್ರವಾಗಿ ಸಂದಿದೆಯೆಂಬುದು ವಿವರಣೆಯಿಲ್ಲದೆ ಪ್ರೇಕ್ಷಕರಿಗೆ ತಿ­ಳಿಯುತ್ತದೆ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನಕ್ಕೆ ಸೇರಿದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಕುರಿತು ಬಂದಿರುವ ವಿಮರ್ಶೆಯೆಲ್ಲ ಛಂದಸ್ಸಿನ ವಿಷಯಕ್ಕೆ ಹೆಚ್ಚಿನ ಗಮನ ಕೊಟ್ಟಿದೆ. ಪ್ರಾಸದ ಕಟ್ಟನ್ನು ಸಡಿಲಿಸಿದರು, ಹೊಸ ಲಯಗಳನ್ನು ತಂದರು ಎಂಬುದೆಲ್ಲ ಸರ್ವವಿದಿತ. ೧೯೧೧ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಭಾಷಣದ ಹೆಸರಿನಲ್ಲಿಯೇ ‘ಕನ್ನಡ ಮಾತು’ ಎಂಬ ಪದವಿದ್ದುದನ್ನು ಮರೆಯಬಾರದು; ಅವರ ಗಮನ ಆಡುವ ನುಡಿಯ ಕಡೆಗಿತ್ತು. ನ್ಯೂಮನ್ ಎಂಬ ಕ್ರೈಸ್ತಗುರು ೧೮೩೩ರಲ್ಲಿ ಬರೆದ ಪ್ರಾರ್ಥನಾಗೀತವನ್ನು ಶ್ರೀಯವರು ಕನ್ನಡಿಸಿದ್ದಾರೆ. ನಮ್ಮ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಅದನ್ನು ಹಾಡಿದ ಮಕ್ಕಳಿಗೆ ಅದು ಪರಭಾಷೆಯಿಂದ ಬಂದದ್ದೆಂಬ ಅರಿವೇ ಇರುತ್ತಿರಲಿಲ್ಲ. ಕಾರಣವನ್ನು ವಿಚಾರಿಸಿದರೆ, ಸಂಬೋಧನೆಯ ದೃಷ್ಟಿಯಿಂದ ಅಲ್ಲಿ ಕನ್ನಡಕ್ಕೆ ಲಾಭವೇ ಆಗಿದೆಯೆಂದು ತಿಳಿಯುತ್ತದೆ. ಇಂಗ್ಲಿಷಿನ ‘ದೌ’ ಎಂಬ ಏಕವಚನ ಹಿಂದೆ ಮನೆಮಾತಿನ ಸಲುಗೆಯ ಪದವಾಗಿತ್ತು. ಕಾಲಾಂತರದಲ್ಲಿ ಬಾಳಿನಿಂದ ಮರೆಯಾಗಿ, ಬಹುಮಟ್ಟಿಗೆ ಇಗರ್ಜಿಯ ಪ್ರಾರ್ಥನೆಯಲ್ಲಿಯೂ ಕಾವ್ಯದಲ್ಲಿಯೂ ಉಳಿದು, ಸಲುಗೆಯ ಪದ ಬಿಗುಮಾನದ ಪದವಾಗಿ ತಿರುಗಿತು. ಕನ್ನಡದ ‘ನೀನು’ ಹಾಗಾಗಲಿಲ್ಲ. ತಾಯಿ ಮಗುವಿಗೆ ಆಡುವ ಪದವನ್ನೇ ಭಕ್ತನು ದೇವರಿಗೆ ಆಡುತ್ತಾನೆ. ನ್ಯೂಮನ್ನನ ಕಾಲಕ್ಕಾಗಲೇ ಇಂಗ್ಲಿಷಿನಲ್ಲಿ ತಣ್ಣಗಾಗುತ್ತಿದ್ದ ಏಕವಚನ ಬೆಳ್ಳೂರಿನ ಕವಿಯ ಕೈಯಲ್ಲಿ ಮತ್ತೆ ಬೆಚ್ಚಗಾಯಿತು. ಶ್ರೀಯವರು ಸೊಫೋಕ್ಲೀಸನ ಏಜಾಕ್ಸನನ್ನು ಅಶ್ವತ್ಥಾಮನಾಗಿ ಮಾರ್ಪಡಿಸಿ, ಈಸ್ಕಿಲಸನ ಪಾರಸಿಕರನ್ನು ಪಾರಸಿಕರನ್ನಾಗಿಯೇ ಉಳಿಸಿದ್ದು ಕೂಡ ಚಿಂತನಾರ್ಹ. ಆದರೆ ಅದು ಬೇರೊಂದು ಲೇಖನದ ವಸ್ತು.

ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಕವಿಯ ಪ್ರೇಮಗೀತಗಳನ್ನು ಕನ್ನಡಿಸಿದ್ದಾರೆ. ಬರ್ನ್ಸ್ ಬರೆದದ್ದು ಬಹುಪಾಲು ತನ್ನ ನಾಡಿನ ಹಳ್ಳಿಯ ನುಡಿಯಲ್ಲಿ. ಅಲ್ಲಿ ಪ್ರಿಯನೂ ಪ್ರಿಯೆಯೂ ಒಬ್ಬರನ್ನೊಬ್ಬರು ಸರಿಸಮನಾಗಿ ಕರೆಯುತ್ತಾರೆ. ಗಂಡನ ಹೆಸರನ್ನು ಹೆಂಡತಿ ಉಚ್ಚರಿಸದ ನಾಡಿನಲ್ಲಿ ಆ ಹೆಣ್ಣು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಅನುವಾದಗಳನ್ನೂ ೧೯೪೨ರ ‘ಮೈಸೂರ ಮಲ್ಲಿಗೆ’ಯನ್ನೂ ಜೊತೆಯಾಗಿ ಓದುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಅಭ್ಯಾಸ.

ಇಲ್ಲಿಯವರೆಗೆ ಹೇಳಿದ್ದು ಕನ್ನಡದ ಒಳಕ್ಕೆ ಬಂದ ಮಾತುಗಳ ಸಂಗತಿ. ಕನ್ನಡದಿಂದ ಹೊರಕ್ಕೆ ಹೋಗುವಾಗ ಕಥೆ ಬೇರೆ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಬೆಳಕು ಕಂಡಿತು, ವಚನಗಳನ್ನು ಇಂಗ್ಲಿಷಿಗೆ ತರುವ ಪ್ರಯತ್ನಗಳೂ ಆ ಕಾಲದಲ್ಲಿಯೇ ಪ್ರಾರಂಭವಾದವು. ಆದರೆ ಪಾಶ್ಚಾತ್ಯ ಓದುಗರಿಗೆ ವಚನಗಳು ವ್ಯಾಪಕವಾಗಿ ಪರಿಚಯವಾದದ್ದು ೧೯೭೩ರಲ್ಲಿ ಪೆಂಗ್ವಿನ್ ಸಂಸ್ಥೆ ಪ್ರಕಟಿಸಿದ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ದಿಂದ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ತಮಿಳು, ಕನ್ನಡ, ಇಂಗ್ಲಿಷುಗಳ ನಡುವೆ ಬಾಳಿ, ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಹಳೆಯ ‘ದೌ’ಕಾರವನ್ನು ತೊರೆದು ಆಡುಮಾತಿನ ಇಂಗ್ಲಿಷನ್ನು ಬಳಸಿದರು. ಅದರಿಂದ ವಚನಗಳಿಗೆ ಉಸಿರು ಬಂತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೂ ಒಂದು ವಚನವನ್ನು ಹತ್ತಿರದಿಂದ ನೋಡೋಣ. ಉಳ್ಳವರು ಕಟ್ಟಿಸುವ ಶಿವಾಲಯವನ್ನೂ ತಮ್ಮ ದೇಹವೆಂಬ ದೇಗುಲವನ್ನೂ ಎದುರುಬದುರು ನಿಲ್ಲಿಸಿ ಬಸವಣ್ಣನವರು ನುಡಿದ ಪ್ರಸಿದ್ಧ ವಚನವದು. ಅದರ ಕೊನೆಯಲ್ಲಿ ಬರುವ ಸ್ಥಾವರ–ಜಂಗಮಗಳೆಂಬ ಎರಡು ಪದಗಳ ವಿವೇಚನೆಗೆ ರಾಮಾನುಜನ್ ತಮ್ಮ ಪ್ರಸ್ತಾವನೆಯಲ್ಲಿ ಪುಟಗಳನ್ನೇ ಮೀಸಲಿಟ್ಟಿದ್ದಾರೆ, ವಿವೇಚನೆ ಘನವಾದದ್ದು. ಮೂಲದಲ್ಲಿ ‘ಅಯ್ಯಾ’ ಎಂಬುದು ಮೂರು ಬಾರಿ ಬರುತ್ತದೆ. ಇಂಗ್ಲಿಷಿನಲ್ಲಿ ಮೂರೂ ಇಲ್ಲ. ಅಂಕಿತದ ಹಿಂದೆ ಒಂದು ‘ಓ’ಕಾರ ಮಾತ್ರ ಉಳಿದಿದೆ. ಮೂರು ‘ಅಯ್ಯಾ’ಗಳೂ ಒಂದೇ ಕೆಲಸವನ್ನು ಮಾಡುತ್ತಿದ್ದರೆ ಚಿಂತೆಯಿರಲಿಲ್ಲ. ಮೊದಲನೆಯದು ತನ್ನ ಬಡತನವನ್ನು ನಿವೇದಿಸಿಕೊಳ್ಳುವವನ ಕೈಚೆಲ್ಲುವ ದನಿ. ಮೂರನೆಯದು ದೇವರನ್ನು ತನ್ನತ್ತ ತಿರುಗಿಸಿಕೊಳ್ಳುವ ದನಿ. ನಡುವಿನದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ತನ್ನ ತಲೆಯೇ ಹೊನ್ನಿನ ಕಳಶವೆಂದು ಹೇಳಿದ ಬೆನ್ನಿಗೇ ಅದು ಬರುತ್ತದೆ. ಆ ಮಾತು ಅಹಂಕಾರದ ಅಂಚಿಗೆ ಬಂದು ನಿಂತಿದೆ. ‘ಅಯ್ಯಾ’ ಎಂದೊಡನೆ ಕಳಶ ಹೊತ್ತ ತಲೆ ಬಾಗುತ್ತದೆ. ಆ ಒಂದು ಪದವನ್ನು ತೆಗೆದರೆ ಉಳಿಯುವುದು ಸುಂದರವಾದ ರೂಪಕ, ಆದರೆ ತಲೆಯೆತ್ತಿ ನಿಂತವನ ರೂಪಕ. ಇದರ ಜೊತೆಗೆ ಕಾಲು, ದೇಹ ಎಂಬ ಪದಗಳ ಮೇಲಿನ ‘ಏ’ಕಾರವೂ ಹೋಗಿದೆ. ಕಾಲುಗಳು ಕಂಬಗಳು ಎಂದರೆ ಹೋಲಿಕೆ. ಕಾಲೇ ಕಂಬ ಎಂದರೆ ಬೇರೆ ಕಂಬ ಬೇಕಾಗಿಲ್ಲವೆಂಬ ನಿರ್ಧಾರ. ಬಡವನಿಗೂ ಸಿರಿವಂತನಿಗೂ ನಡುವಣ ವಾದವೆಲ್ಲ ಆ ಏಕಾರದಲ್ಲಿದೆ.

ರಾಮಾನುಜನ್ ಅವರಿಗೆ ಇದು ತಿಳಿದಿರಲಿಲ್ಲವೆಂದು ನಾನು ಹೇಳಲಾರೆ. ಮೂರು ಕಡೆ ‘ಓ ತಂದೆಯೇ’ ಎಂಬರ್ಥದ ಪದವನ್ನಿಟ್ಟಿದ್ದರೆ ಇಂಗ್ಲಿಷ್ ವಚನ ಇಗರ್ಜಿಯ ಉಪದೇಶದಂತೆ ಕೇಳಿಸುತ್ತಿತ್ತು. ಅವರು ತ್ಯಜಿಸಿದ್ದು ತಿಳಿದೇ ಇರಬೇಕು. ಆದರೆ ತ್ಯಜಿಸಿದ್ದನ್ನು ಓದುಗನಿಗೆ ತಿಳಿಸುವುದು ಬೇಡವೇ? ೧೯೯೨ರಲ್ಲಿ ತೇಜಸ್ವಿನಿ ನಿರಂಜನ ಅವರು ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಈ ಅನುವಾದಗಳನ್ನು, ವಿಶೇಷವಾಗಿ ಅಲ್ಲಮಪ್ರಭುದೇವರ ಒಂದು ವಚನದ ಅನುವಾದವನ್ನು, ತೀಕ್ಷ್ಣವಾಗಿ ವಿಮರ್ಶಿಸಿದ್ದಾರೆ. ವಸಾಹತುಕಾಲದ ದೃಷ್ಟಿಕೋನ ಅನುವಾದದಲ್ಲಿ ಹೇಗೆ ನುಸುಳುತ್ತದೆಂಬುದು ಅವರ ವಾದ. ನನ್ನ ಆಕ್ಷೇಪ ಅಷ್ಟು ದೊಡ್ಡದಲ್ಲ. ಅದು ಒಂದು ‘ಅಯ್ಯಾ’ದಷ್ಟೇ ದೊಡ್ಡದು.

ಅಂಕಿತಗಳ ವಿಷಯವೂ ಇದಕ್ಕೆ ಸಂಬಂಧಿಸಿದ್ದೇ. ಅದೇ ಗ್ರಂಥದಲ್ಲಿ ಕೂಡಲಸಂಗಮದೇವ ಎಂಬುದು ‘ಸೇರುವ ನದಿಗಳ ಒಡೆಯ’ನೆಂಬರ್ಥದ ಪದಗಳಾಗಿಯೂ, ಚೆನ್ನಮಲ್ಲಿಕಾರ್ಜುನ ಎಂಬುದು ‘ಮಲ್ಲಿಗೆಯಂತೆ ಬಿಳಿಯನಾದ ಒಡೆಯ’ನೆಂದೂ, ಗುಹೇಶ್ವರ ಎಂಬುದು ‘ಗುಹೆಗಳ ಒಡೆಯ’ನೆಂದೂ ಇಂಗ್ಲಿಷಾಗಿವೆ. ದೇವರ ದಾಸಿಮಯ್ಯನವರ ರಾಮನಾಥ ಮಾತ್ರ ರಾಮನಾಥನಾಗಿಯೇ ಉಳಿದಿದ್ದಾನೆ. ಹೆಸರಿನೊಳಗಿನ ಚಿತ್ರವನ್ನು ಪರಭಾಷೆಯ ಓದುಗನಿಗೆ ತೋರಿಸುವ ಲಾಭ ಇದರಲ್ಲಿದೆ. ಅಲ್ಲಮರ ವಿಷಯದಲ್ಲಿ ಅದಕ್ಕೆ ಸಮರ್ಥನೆಯೂ ಉಂಟು. ಗುಹೆಯೆಂಬ ಭಾವ ಅವರ ಬೆಡಗಿನ ಒಳಗೆ ಕೆಲಸ ಮಾಡುತ್ತದೆ. ಆದರೆ ಕೂಡಲಸಂಗಮ ಒಂದು ಊರು. ಕೃಷ್ಣೆ ಮಲಪ್ರಭೆಯರು ಅಲ್ಲಿ ಕೂಡುತ್ತಾರೆ, ಅಲ್ಲಿ ದೇವಾಲಯವಿದೆ, ಬಸವಣ್ಣನವರು ಅಲ್ಲಿ ಬಾಳಿದ್ದರು. ಹೆಸರನ್ನು ಅರ್ಥವಾಗಿ ಕರಗಿಸಿದಾಗ ಊರು ಮಾಯವಾಗುತ್ತದೆ. ಮಲ್ಲಿಗೆ ಎಂಬ ಹೆಸರಿನ ಮಗಳನ್ನು ಲಂಡನ್ನಿಗೆ ಹೋದರೂ ತಾಯಿ ಮಲ್ಲಿಗೆ ಎಂದೇ ಕೂಗುತ್ತಾಳೆ. ಅಂಕಿತವು ವಚನದ ಕೊನೆಯಲ್ಲಿ ಬಹುಮಟ್ಟಿಗೆ ಸಂಬೋಧನೆಯಾಗಿ, ದೀರ್ಘಸ್ವರದಿಂದ ಬರುತ್ತದೆ. ಕರೆಯುವ ಹೆಸರು ವರ್ಣನೆಯಾಗಿ ಮಾರ್ಪಟ್ಟರೆ ಕರೆ ನಿಂತುಹೋಗುತ್ತದೆ. ರಾಮನಾಥನನ್ನು ಹಾಗೆಯೇ ಒಪ್ಪಿಕೊಂಡ ಇಂಗ್ಲಿಷ್ ಓದುಗ ಉಳಿದ ಮೂವರನ್ನೂ ಒಪ್ಪಿಕೊಳ್ಳುತ್ತಿದ್ದನೆಂದೇ ನನ್ನ ಅಭಿಪ್ರಾಯ.

ಓಲೆಗರಿಗಳನ್ನು ಬಲ್ಲವರಿಗೆ ಮತ್ತೊಂದು ಅಂಶ ಹೊಳೆಯದಿರದು. ಅಲ್ಲಿ ವಚನವನ್ನು ಸಾಲು ಮುರಿಯದೆ ಒಂದೇ ಸಮನೆ ಬರೆದಿರುತ್ತದೆ. ಇಂದಿನ ಅಲ್ಪವಿರಾಮ, ಪ್ರಶ್ನಚಿಹ್ನೆಗಳಿಲ್ಲ. ಮಾತು ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರೆಳೆದುಕೊಳ್ಳಬೇಕು ಎಂಬುದನ್ನು ಅನೇಕ ಕಡೆ ‘ಅಯ್ಯಾ’, ‘ನೋಡಾ’, ‘ಕಾಣಾ’ಗಳೇ ತಿಳಿಸುತ್ತವೆ. ಬಾಯಿಂದ ಬಂದ ಮಾತು ಗರಿಯ ಮೇಲೆ ಕುಳಿತಾಗ ಬಾಯಿಯ ಗುರುತಾಗಿ ಉಳಿದವು ಇವು. ಮುದ್ರಣದಲ್ಲಿ ಸಾಲುಗಳನ್ನು ಬಿಡಿಸಿ ಚಿಹ್ನೆಗಳನ್ನಿಟ್ಟ ಮೇಲೆ ಇವು ಅನಾವಶ್ಯಕವೆಂಬ ಭ್ರಮೆ ಕನ್ನಡಿಗರಿಗೂ ಉಂಟಾಗುತ್ತದೆ. ವಚನಗಾಯನದಲ್ಲಿ ರಾಗಕ್ಕೆ ಹೊಂದುವುದಿಲ್ಲವೆಂದು ಇವುಗಳನ್ನು ನುಂಗಿಬಿಡುವ ಗಾಯಕರೂ ಇದ್ದಾರೆ. ಅವರನ್ನು ನಾವು ಇಂಗ್ಲಿಷ್ ಅನುವಾದಕರಷ್ಟು ಕಟುವಾಗಿ ವಿಮರ್ಶಿಸುವುದಿಲ್ಲವೆಂಬುದು ಸೋಜಿಗ.

ನೆರೆಯ ನುಡಿಗಳಲ್ಲಿ ಈ ಸಂಕಟ ಬಹಳ ಕಡಿಮೆ. ಬಸವಣ್ಣನವರ ಚರಿತ್ರೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹಾಡಿದನು. ೧೩೬೯ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದನು. ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ಕೊಂಡೊಯ್ದರು. ತೆಲುಗಿನವನೂ ತಮಿಳಿನವನೂ ‘ಅಯ್ಯಾ’ ಎಂದೇ ಕರೆಯುವವರು. ಏಕವಚನ ಬಹುವಚನಗಳ ಮರ್ಯಾದೆ ಅವರಿಗೂ ಉಂಟು, ಒತ್ತಿಹೇಳುವ ಏಕಾರವೂ ಉಂಟು. ಲಿಪಿ ಬೇರೆ, ಛಂದಸ್ಸು ಬೇರೆ, ಕರೆಯುವ ದನಿ ಒಂದೇ.

ಬೆಂಗಳೂರಿನ ಬಸವ ಸಮಿತಿಯ ಪ್ರಯತ್ನದಿಂದ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಪ್ರಾರಂಭವಾದ ಯೋಜನೆಯ ಫಲವಾಗಿ, ವಚನಗಳು ೨೩ ಭಾಷೆಗಳಲ್ಲಿ ಬಂದಿವೆ. ೨೦೧೭ರ ಬಸವಜಯಂತಿಯಂದು ದೆಹಲಿಯಲ್ಲಿ ಅವುಗಳ ಲೋಕಾರ್ಪಣವಾಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಇನ್ನು ಮುಂದೆ ಈ ಅನುವಾದಗಳನ್ನು ಓದುವವರು ಅನ್ಯಭಾಷಿಕರು ಮಾತ್ರವಾಗಿರುವುದಿಲ್ಲ. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮವರ ಮೊಮ್ಮಕ್ಕಳಲ್ಲಿ ಅನೇಕರು ಕನ್ನಡ ಲಿಪಿಯನ್ನು ಓದಲಾರರು. ಅವರು ಬಸವಣ್ಣನವರನ್ನು ಕಾಣುವುದು ಇಂಗ್ಲಿಷಿನಲ್ಲಿಯೇ. ವಚನದ ಅರ್ಥ ಅವರಿಗೆ ಅಲ್ಲಿ ಸಿಗುತ್ತದೆ. ಪೂಜೆಗೆ ಕುಳಿತಾಗ ಯಾವ ಪದದಿಂದ ಕರೆಯುತ್ತಾರೆ?

ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್ ಪಾಠದಲ್ಲಿ ಇದಕ್ಕೊಂದು ದಾರಿಯಿದೆ. ತಂದೆಯನ್ನು ಕರೆಯುವ ‘ಅಬ್ಬಾ’ ಎಂಬ ಅರಮಾಯಿಕ್ ಭಾಷೆಯ ಸಂಬೋಧನೆಯನ್ನು ಅಲ್ಲಿ ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ತಂದೆ ಎಂಬರ್ಥದ ಗ್ರೀಕ್ ಪದವನ್ನಿಟ್ಟಿದ್ದಾರೆ. ಉಳಿದ ಮಾತನ್ನೆಲ್ಲ ಗ್ರೀಕಿಗೆ ತಿರುಗಿಸಿದವರು ಆ ಒಂದು ಕರೆಯನ್ನು ಮಾತ್ರ ಕೇಳಿದ ಧ್ವನಿಯಲ್ಲಿಯೇ ಬಿಟ್ಟರು. ‘ಅಯ್ಯಾ’ ಎಂಬುದನ್ನೂ ಹೀಗೆ ಉಳಿಸಬಹುದು. ಎಲ್ಲ ಕಡೆಯೂ ಬೇಡ, ತೆಗೆದರೆ ತಲೆಯೆತ್ತಿ ನಿಲ್ಲುವ ಕಡೆಗಳಲ್ಲಿ. ಇಂಗ್ಲಿಷ್ ಆವೃತ್ತಿಗಳ ಕೊನೆಯಲ್ಲಿ ಬರುವ ಶಬ್ದಾರ್ಥಸೂಚಿಯಲ್ಲಿ ಐಕ್ಯ, ಜಂಗಮ, ಪ್ರಸಾದಗಳ ಜೊತೆಗೆ ಅದಕ್ಕೂ ನಾಲ್ಕು ಸಾಲಿನ ಸ್ಥಳ ಕೊಡಬೇಕು. ತಂದೆ, ಒಡೆಯ, ಗುರು, ಜಂಗಮ, ಎದುರಿಗೆ ಬಂದ ಯಾರೇ ಆಗಲಿ ಎಂಬ ಐದು ಅರ್ಥಗಳನ್ನೂ, ‘ಎಲವೋ’ ಎಂಬ ಎದುರುಪದವನ್ನೂ, ಯಕಾರವನ್ನು ಒತ್ತಿ ಕೊನೆಯ ಸ್ವರವನ್ನು ಎಳೆಯಬೇಕೆಂಬ ಉಚ್ಚಾರಣೆಯ ಸೂಚನೆಯನ್ನೂ ಅಲ್ಲಿ ಬರೆಯಬೇಕು. ಅಕಾರಾದಿಯ ಕ್ರಮದಲ್ಲಿ ಆ ಪದ ಹೇಗೂ ಮೊದಲ ಪುಟದಲ್ಲಿಯೇ ಬರುತ್ತದೆ.